ಮನೆಮಾತಿನ ನಾಲ್ಕು ಪ್ರಶ್ನೆಗಳು

ನಾಲ್ಕು ವರ್ಷ ನಾನು ಒಂದು ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. 2020ರ ಆಗಸ್ಟಿನಲ್ಲಿ ಲಾಸ್ ಏಂಜಲಿಸ್‌ನ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ನಿಂತು, ಡ್ರೈಯರ್ ನಿಲ್ಲುವುದನ್ನು ಕಾಯುತ್ತ, ಮಗಳನ್ನು ಒಂದನೇ ತರಗತಿಗೆ ಸೇರಿಸುವ ಅರ್ಜಿಯನ್ನು ಫೋನಿನಲ್ಲೇ ತುಂಬಿದೆ. ಮನೆಯ ಭಾಷೆ ಯಾವುದು ಎಂದು ಕೇಳಿದ ಕಡೆಯಲ್ಲೆಲ್ಲ ಇಂಗ್ಲಿಷ್ ಎಂದು ಹಾಕಿದೆ. ಶಾಲೆಯವರು ಮಗುವಿನ ಹೆಸರು ನೋಡಿದರು, ಅಪ್ಪನ ಹೆಸರು ನೋಡಿದರು, ಇವರ ಮನೆಯಲ್ಲಿ ಎಲ್ಲಿಯ ಇಂಗ್ಲಿಷ್ ಎಂದುಕೊಂಡು ತಾವೇ ಅದನ್ನು ಬದಲಾಯಿಸಿದರು.

ಕಥೆ ಚೆನ್ನಾಗಿತ್ತು. ಹೇಳಿದಷ್ಟೂ ಚೆನ್ನಾಗುತ್ತ ಹೋಯಿತು. ಮೂರನೆಯ ಸಲ ಹೇಳುವಾಗ ಡ್ರೈಯರಿನಲ್ಲಿ ಒಂದು ನಾಣ್ಯ ಟಣಟಣ ಎನ್ನುತ್ತಿತ್ತು. ಬೇರೆಯವರ ಪ್ರಯೋಗಗಳ ಫಲಿತಾಂಶದಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಕಲಿತದ್ದು ಮುಖ್ಯವಾಗಿ ಅನುಮಾನಪಡುವುದನ್ನೇ. ಆದರೆ ಆ ನಾಣ್ಯ ಎಲ್ಲಿಂದ ಬಂತು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸುವಾಗ ನಾಲ್ಕು ಪ್ರಶ್ನೆಗಳಿರುತ್ತವೆ. ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಅದು ಹೆಚ್ಚಾಗಿ ಆಡುವುದು ಯಾವುದು, ತಂದೆತಾಯಿ ಅದರ ಜೊತೆ ಆಡುವುದು ಯಾವುದು, ಮನೆಯ ದೊಡ್ಡವರು ತಮ್ಮತಮ್ಮಲ್ಲಿ ಆಡುವುದು ಯಾವುದು. ಇಂಗ್ಲಿಷ್ ಅಲ್ಲದ ಉತ್ತರ ಕೊಟ್ಟರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಪೂರ್ತಿ ದಾಟದಿದ್ದರೆ ‘ಇಂಗ್ಲಿಷ್ ಕಲಿಯುತ್ತಿರುವವರು’ ಎಂಬ ಪಟ್ಟಿಗೆ ಹೆಸರು ಸೇರುತ್ತದೆ. ಆಮೇಲೆ ಪ್ರತಿವರ್ಷ ವಸಂತದಲ್ಲಿ ಮತ್ತೆ ಪರೀಕ್ಷೆ, ದಾಟುವವರೆಗೂ. ನಮ್ಮ ಕಡೆಯ ಮನೆಗಳಲ್ಲಿ ಈ ಗುಟ್ಟು ಎಲ್ಲರಿಗೂ ಗೊತ್ತು. ಮೊದಲು ಬಂದವರು ಆಮೇಲೆ ಬಂದವರಿಗೆ ಡ್ರೈವಿಂಗ್ ಲೈಸೆನ್ಸಿನ ಸಲಹೆಯ ಜೊತೆಗೇ ಇದನ್ನೂ ಹೇಳಿಬಿಡುತ್ತಾರೆ: ಮನೆಯಲ್ಲಿ ಏನಾದರೂ ಮಾತಾಡಿ, ಕಾಗದದಲ್ಲಿ ಇಂಗ್ಲಿಷ್ ಅನ್ನಿ.

ನನ್ನ ಮಗಳು ಹುಟ್ಟಿದ್ದೇ ಇಲ್ಲಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದೂ ಒಂದೋ ಎರಡೋ ಶಬ್ದ. ಆರು ವರ್ಷದವಳಿದ್ದಾಗ, ಶಾಲೆಗಳೆಲ್ಲ ಮುಚ್ಚಿದ್ದ ಆ ವರ್ಷ, ಮೊದಲ ಪರೀಕ್ಷೆ ಟ್ಯಾಬ್ಲೆಟ್ಟಿನ ಮೇಲೆ ನಡೆಯಿತು. ಪರದೆಯ ಆಚೆಯಿಂದ ಯಾರೋ ಟೀಚರ್ ಚಿತ್ರ ತೋರಿಸಿ ಇದರಲ್ಲಿ ಏನಾಗುತ್ತಿದೆ ಎಂದರೆ ಇವಳು ಊಟದ ಮೇಜಿನ ಕೆಳಗೆ ಹೋಗಿ ಕೂತಳು. ಹೆಸರು ಪಟ್ಟಿಗೆ ಸೇರಿತು.

2022ರಲ್ಲಿ ನನಗೆ ಸೊರೆಂಟೊ ವ್ಯಾಲಿಯಲ್ಲಿ ಕೆಲಸ ಸಿಕ್ಕಿ ಸ್ಯಾನ್ ಡಿಯೇಗೊಗೆ ಬಂದೆವು. ಮನೆಯನ್ನು ರಾಂಚೊ ಪೆನಾಸ್ಕಿಟೋಸ್‌ನಲ್ಲಿ ಹಿಡಿದದ್ದು ಶಾಲೆಗಾಗಿ. ಇಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಯಾವ ಬೀದಿಯ ಮಕ್ಕಳಿಗೆ ಯಾವ ಶಾಲೆ ಎಂಬ ನಕ್ಷೆಯನ್ನು ಮೊದಲು ತೆರೆಯುತ್ತಾರೆ, ಅಡುಗೆಮನೆಯನ್ನು ಆಮೇಲೆ ನೋಡುತ್ತಾರೆ. ಲಾಸ್ ಏಂಜಲಿಸ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮುಂದಿನ ದೊಡ್ಡ ರಸ್ತೆಯೇ ಗಡಿಯಾಗಿತ್ತು. ಆ ಬದಿಯ ಶಾಲೆಗೆ ಹುಲ್ಲಿನ ಮೈದಾನ, ಸಂಗೀತದ ಟೀಚರ್. ನಮ್ಮ ಬದಿಯದಕ್ಕೆ ಡಾಂಬರು. ಬಣ್ಣ ನೋಡಿ ಮಕ್ಕಳನ್ನು ಬೇರೆ ಕೂರಿಸುವುದು ತಪ್ಪು ಎಂದು ಕೋರ್ಟುಗಳು ಹೇಳಿ ಎಷ್ಟೋ ಕಾಲವಾಯಿತು. ಆದರೆ ಯಾರು ಎಲ್ಲಿ ಮನೆ ಕೊಳ್ಳಬಹುದು ಎಂದು ಹಿಂದೆ ಗೀಚಿದ ಗೆರೆಗಳ ಮೇಲೆಯೇ ಊರು ಬೆಳೆದುಬಿಟ್ಟಿತ್ತು. ಇದನ್ನೆಲ್ಲ ನಾನು ಓದಿಕೊಂಡಿದ್ದೆ, ಊಟದ ಹೊತ್ತಿಗೆ ಜೋರಾಗಿ ಟೀಕಿಸಿಯೂ ಇದ್ದೆ. ಆಮೇಲೆ ನಕ್ಷೆ ತೆರೆದು ಗೆರೆಯ ಒಳ್ಳೆಯ ಬದಿಗೆ ಮನೆ ಹುಡುಕಿದೆ.

ಒಳ್ಳೆಯ ಶಾಲೆಯ ಒಳಗೂ ಒಂದು ಗೆರೆ ಇತ್ತು. ಲೈಬ್ರರಿಯ ಪಕ್ಕದಲ್ಲಿ ಒಂದು ಸಣ್ಣ ಕೋಣೆ. ದಿನಾ ಅರ್ಧ ಗಂಟೆ ಪಟ್ಟಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು, ಉಳಿದವರು ವಿಜ್ಞಾನ ಮಾಡುವಾಗ. ಮಗಳ ಓದು, ಬರವಣಿಗೆ, ಕೇಳಿ ತಿಳಿಯುವುದು ಎಲ್ಲ ಮೇಲಿನ ಮಟ್ಟದಲ್ಲಿದ್ದವು. ಮಾತಾಡುವ ಭಾಗದಲ್ಲಿ ಮಾತ್ರ ಪ್ರತಿವರ್ಷ ನಿಲ್ಲುತ್ತಿದ್ದಳು. ಚಿತ್ರ ತೋರಿಸಿದರೆ ಎರಡು ಶಬ್ದ ಹೇಳಿ ಸುಮ್ಮನಾಗುತ್ತಿದ್ದಳು.

ನಮಗೆ ಇದು ದೊಡ್ಡ ವಿಷಯ ಅನ್ನಿಸಿದ್ದು 2024ರ ಶರತ್ಕಾಲದಲ್ಲಿ, ಅವಳು ಐದನೆಯ ತರಗತಿಗೆ ಬಂದಾಗ. ಮುಂದಿನ ವರ್ಷ ಆರನೆಯ ತರಗತಿ, ಬೇರೆ ಶಾಲೆ. ಅಲ್ಲಿಯ ಕೌನ್ಸಿಲರ್ ಒಂದು ಸಂಜೆ ಬಂದು ಪಾಲಕರಿಗೂ ಮಕ್ಕಳಿಗೂ ವೇಳಾಪಟ್ಟಿ ವಿವರಿಸಿದರು. ದಿನಕ್ಕೆ ಒಂದು ಪಿರಿಯಡ್ ಮಕ್ಕಳ ಇಷ್ಟದ್ದು: ಬ್ಯಾಂಡ್, ಚಿತ್ರ, ರೋಬೋಟ್, ಏನು ಬೇಕಾದರೂ. ಪಟ್ಟಿಯಲ್ಲಿ ಉಳಿದ ಮಕ್ಕಳಿಗೆ ಆ ಪಿರಿಯಡ್ಡಿನಲ್ಲಿ ಇಂಗ್ಲಿಷ್ ತರಗತಿ. ಅವರು ಅದನ್ನು ಒಂದು ಸೌಲಭ್ಯದ ಹಾಗೆಯೇ ಹೇಳಿದರು.

ಮಗಳು ಟ್ರೊಂಬೋನ್ ನುಡಿಸಬೇಕೆಂದು ಎರಡು ವರ್ಷದಿಂದ ಕಾದಿದ್ದಳು. ಉದ್ದನೆಯ ಹಿತ್ತಾಳೆಯ ವಾದ್ಯ, ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ನುಡಿಸುವಂಥದ್ದು. ಕೊನೆಯ ಸ್ವರಕ್ಕೆ ಕೈ ಸಾಲುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ, ತಿಂಗಳಿಗೊಮ್ಮೆ ಗೋಡೆಗೆ ಆನಿಸಿ ನಿಂತು ತೋಳಿನ ಉದ್ದ ಅಳೆದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದಳು, “ಸೋ, ನೋ ಬ್ಯಾಂಡ್?”

“ಹಂಗಲ್ಲವ್ವ, ನೋಡೂಣು,” ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. ಹೆಂಡತಿ ಹಿಂದಕ್ಕೆ ಕೈ ಚಾಚಿ ಅವಳ ಮೊಣಕಾಲು ಹಿಡಿದುಕೊಂಡಳು.

ಆ ದೀಪಾವಳಿಯ ಊಟ ರಾಂಚೊ ಬರ್ನಾರ್ಡೊದಲ್ಲಿ, ಬೆಂಗಳೂರಿನವರಾದ ಒಬ್ಬ ರಿಟೈರಾದ ಇಂಜಿನಿಯರ್ ಅಂಕಲ್ ಮನೆಯಲ್ಲಿ. ನಾವು ಅಮೆರಿಕಕ್ಕೆ ಬಂದ ಹೊಸತರಲ್ಲಿ ಫೋನಿನಲ್ಲಿ ನನಗೆ ಆ ಗುಟ್ಟು ಹೇಳಿಕೊಟ್ಟವರೇ ಅವರು. ಹೋಳಿಗೆಯ ತಟ್ಟೆ ಹಿಡಿದುಕೊಂಡು ನಾನು ಮತ್ತೆ ಕಥೆ ಶುರುಮಾಡಿದೆ.

“ಏನ್ರೀ ಇದು? ನಾನ್ ಅವತ್ತೇ ಹೇಳಿದ್ದೆ ತಾನೆ, ಎಲ್ಲಾ ಕಡೆ ಇಂಗ್ಲಿಷ್ ಅಂತ ಹಾಕ್ಬಿಡಿ ಅಂತ,” ಎಂದರು ಅಂಕಲ್. “ನಮ್ಮ ಇಬ್ರು ಮಕ್ಳಿಗೂ ಹಾಗೇ ಮಾಡಿದ್ದು. ಒಂದು ಪ್ರಾಬ್ಲಮ್ ಆಗ್ಲಿಲ್ಲ.”

“ಹಾಕಿದ್ನಲ್ರಿ ಅಂಕಲ್. ಅದನ್ನ ಹೇಳಾಕತ್ತೇನಿ. ಲಾಂಡ್ರಿ ರೂಮಿನ್ಯಾಗ ನಿಂತು ಫೋನಿನ್ಯಾಗ ತುಂಬಿದ್ದು ನನಗ ಛಲೋ ನೆನಪೈತಿ. ಅವರ ಬದಲ್ ಮಾಡ್ಯಾರ.”

ಹೆಂಡತಿ ಉಡುಪಿಯವಳು. ಪಕ್ಕದಲ್ಲೇ ಪಲ್ಯ ಬಡಿಸಿಕೊಳ್ಳುತ್ತಿದ್ದವಳು ಸೌಟು ಕೆಳಗಿಟ್ಟಳು.

“ಎಂತ ಲಾಂಡ್ರಿ ರೂಮು? ಆ ವರ್ಷ ಲಾಂಡ್ರಿ ರೂಮಿನ ಬಾಗಿಲಾದ್ರೂ ಮುಟ್ಟಿದ್ದುಂಟಾ ನಾವು? ವೈರಸ್ ಅಂತ ಹೆದರಿ ಆರು ತಿಂಗಳು ಬಟ್ಟೆ ಒಗ್ದದ್ದು ಬಾತ್‌ಟಬ್ಬಲ್ಲಿ. ಒಗ್ದದ್ದು ನಾನು ಮಾರಾಯ್ರೆ, ನನಗೆ ನೆನಪಿಲ್ವಾ?”

ಎಲ್ಲರೂ ನಕ್ಕರು. ಅಂಕಲ್ ನನ್ನ ಬೆನ್ನು ತಟ್ಟಿದರು. “ಹೋಗ್ಲಿ ಬಿಡಮ್ಮಾ. ಸೈಂಟಿಸ್ಟು ಪಾಪ. ಊರಿನವರದೆಲ್ಲಾ ಚೆಕ್ ಮಾಡ್ತಾರೆ, ತಮ್ದು ಮಾತ್ರ ಮಾಡಲ್ಲ.”

ನಾನೂ ನಕ್ಕೆ. ಆದರೆ ಅವಳು ಹೇಳಿದ್ದು ನಿಜ. ಬಾತ್‌ಟಬ್ಬಿನ ಅಂಚಿನ ಮೇಲೆ ಸಾಲಾಗಿ ಹಿಂಡಿಟ್ಟ ಬಟ್ಟೆಗಳು ನನಗೂ ನೆನಪಿದ್ದವು. ಡ್ರೈಯರ್ ಇರಲಿಲ್ಲ ಎಂದರೆ ಉಳಿದದ್ದರಲ್ಲಿ ಯಾವುದು ಇತ್ತು? ನಾನು ಇಂಗ್ಲಿಷ್ ಎಂದು ಬರೆದದ್ದಾದರೂ ಇತ್ತೇ?

ಮುಂದಿನ ವಾರ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಮಗಳ ಶಾಲೆಗೆ ಹೋದೆ. ಕಚೇರಿಯ ಬೆಂಚಿನಲ್ಲಿ ಇನ್ನೊಬ್ಬ ತಾಯಿ ಕಾಯುತ್ತಿದ್ದರು. ಕಪ್ಪು ಕೂದಲು, ನೀಲಿ ಸಮವಸ್ತ್ರ, ಕೈಯಲ್ಲಿ ಬೀಗದ ಕೈಗಳ ಗೊಂಚಲು. ಎಲ್ಲೋ ಮನೆ ಸ್ವಚ್ಛ ಮಾಡುವವರಿರಬೇಕು ಎಂದುಕೊಂಡೆ. ಯಾಕೆ ಬಂದಿರಿ ಎಂದು ಅವರೇ ಕೇಳಿದರು. ಹೇಳಿದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಅವರ ಇಂಗ್ಲಿಷ್ ನನ್ನದಕ್ಕಿಂತ ಎಷ್ಟೋ ಸಲೀಸು.

“ಕಂಪ್ಯೂಟರಿನಲ್ಲಿ ಇದ್ದದ್ದನ್ನು ಓದಿ ಹೇಳಿ ಕಳಿಸಿಬಿಡುತ್ತಾರೆ,” ಎಂದರು. “ಅದಕ್ಕೆ ಒಪ್ಪಬೇಡಿ. ಹಳೆಯ ಊರಿನಿಂದ ಬಂದ ಕಾಗದದ ಫೈಲ್ ಬೇಕು ಅನ್ನಿ. ಬರೆದು ಕೊಡಿ. ಪಾಲಕರು ಕೇಳಿದರೆ ತೋರಿಸಲೇಬೇಕು.”

“ನಿಮಗೆ ಹೇಗೆ ಗೊತ್ತು?”

“ಈಗ ಇಲ್ಲಿ ಓದುತ್ತಿರುವವಳು ನನ್ನ ಮೂರನೆಯ ಮಗಳು. ಮೂವರದೂ ಓದಿದ್ದೇನೆ.”

ಅವರ ಗಂಡ ಮೆಕ್ಸಿಕೋದವರು, ಮನೆಯಲ್ಲಿ ಸ್ಪ್ಯಾನಿಷ್. ಇವರು ಹುಟ್ಟಿದ್ದು ಇಲ್ಲೇ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ. ಬೀಗದ ಕೈಗಳು ಕ್ಲಿನಿಕ್ಕಿನವು. ಶಾಲೆಯವರು ನನ್ನ ಹೆಸರು ನೋಡಿ ಏನೋ ಅಂದುಕೊಂಡರು ಎಂದು ನಾಲ್ಕು ವರ್ಷ ದೂರಿದ ನಾನು, ಒಂದು ನಿಮಿಷದ ಹಿಂದೆ ಏನು ಅಂದುಕೊಂಡಿದ್ದೆ ಎಂಬುದನ್ನು ಅವರಿಗೆ ಹೇಳಲಿಲ್ಲ.

ಕಾಯುತ್ತಿದ್ದಾಗ ಅವರು ತಮ್ಮ ಅಜ್ಜಿಯ ವಿಷಯ ಹೇಳಿದರು. ಅಜ್ಜಿಯೋ, ಅಜ್ಜಿಯ ಅಕ್ಕನೋ, ಈಗ ನನಗೆ ಖಚಿತವಿಲ್ಲ. ಕಿತ್ತಳೆ ತೋಟದ ಪಕ್ಕ ಮೆಕ್ಸಿಕನ್ ಮಕ್ಕಳಿಗೆಂದೇ ಕಟ್ಟಿದ್ದ ಶಾಲೆಯಲ್ಲಿ ಅವರು ಓದಿದ್ದಂತೆ. ಆ ಕಾಲದಲ್ಲಿ ಯಾರೂ ಬಣ್ಣದ ಮಾತು ಎತ್ತುತ್ತಿರಲಿಲ್ಲವಂತೆ. ಈ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೆ ಬೇರೆ ಶಾಲೆ ಎನ್ನುತ್ತಿದ್ದರಂತೆ. ಇಂಗ್ಲಿಷ್ ಬರುತ್ತಿದ್ದವರನ್ನೂ ಅಲ್ಲೇ ಕೂರಿಸುತ್ತಿದ್ದರು.

“ಅಜ್ಜಿಗೆ ಕೇಳೋಕೆ ಒಂದು ಫೈಲೂ ಇರಲಿಲ್ಲ,” ಎಂದರು. “ನನಗಿದೆ. ಅದಕ್ಕೇ ಕೇಳ್ತೇನೆ.”

ಆ ಸಣ್ಣ ಕೋಣೆ ಹುಟ್ಟಿದ್ದು ಕೆಟ್ಟ ಉದ್ದೇಶದಿಂದಲ್ಲ. ಭಾಷೆ ಬಾರದ ಮಕ್ಕಳನ್ನು ತರಗತಿಯಲ್ಲಿ ಸುಮ್ಮನೆ ಕೂರಿಸುವುದು ಅನ್ಯಾಯ, ಅವರಿಗೆ ಕಲಿಸಲೇಬೇಕು ಎಂದು ಜನ ಹೋರಾಡಿ ಪಡೆದದ್ದು ಅದು. ಒಂದು ಕಾಲದ ನ್ಯಾಯ ಇನ್ನೊಂದು ಕಾಲದಲ್ಲಿ ಒಂದು ಮಗುವಿನ ಬ್ಯಾಂಡ್ ಪಿರಿಯಡ್ ಕಿತ್ತುಕೊಂಡರೆ ಯಾರನ್ನು ಬೈಯಬೇಕು? ಬೈಯುವುದಕ್ಕೆ ಯಾರಾದರೂ ಸಿಗಲಿ ಎಂದೇ ನಾನು ಆ ಬೆಂಚಿನಲ್ಲಿ ಕೂತಿದ್ದೆ.

ಸಿಕ್ಕರು. ಹತ್ತು ದಿನದ ನಂತರ ಕಚೇರಿಯವರು ಕರೆದು ಫೈಲ್ ತೆರೆದು ಮುಂದಿಟ್ಟರು. ಅರ್ಜಿ ಫೋನಿನದಲ್ಲ, ಕಾಗದದ್ದು. ನೀಲಿ ಶಾಯಿ. ಸಾಲುಗಳು ಬಲಕ್ಕೆ ಇಳಿದಿದ್ದವು, ಕಾರಿನ ಸ್ಟಿಯರಿಂಗ್ ಮೇಲೆ ಇಟ್ಟು ಬರೆದ ಹಾಗೆ. ನಾಲ್ಕು ಪ್ರಶ್ನೆಗಳಿಗೂ ಕನ್ನಡ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು. ಕೊನೆಯ ಉತ್ತರದ ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ಕನ್ನಡ ಅಕ್ಷರದಲ್ಲಿ ಇನ್ನೊಮ್ಮೆ. ಒತ್ತಕ್ಷರವನ್ನು ಮೇಲಿನ ಅಕ್ಷರಕ್ಕೆ ತಾಗಿಸಿ ಬರೆಯುವ ನನ್ನ ಕೆಟ್ಟ ಅಭ್ಯಾಸ ಅಲ್ಲಿಯೂ ಇತ್ತು.

“ಇದು ನಿಮ್ಮ ಅಕ್ಷರವೇ?” ಎಂದು ಕೇಳಿದರು ಕಚೇರಿಯ ಹೆಂಗಸು.

“ನನ್ನದೇ.”

ಅದನ್ನು ನೋಡುತ್ತಿದ್ದಂತೆ ಒಂದು ಸಾಲು ಕಾರುಗಳು ಕಣ್ಣಿಗೆ ಬಂದವು. ಲಾಸ್ ಏಂಜಲಿಸ್‌ನ ಶಾಲೆಯ ಅಂಗಳ, ಮಾಸ್ಕ್ ಹಾಕಿದ ಟೀಚರುಗಳು ಕಿಟಕಿಯ ಮೂಲಕ ಟ್ಯಾಬ್ಲೆಟ್ ಕೊಡುತ್ತಿರುವುದು, ಜೊತೆಗೆ ಒಂದು ಅರ್ಜಿ, ತುಂಬಿಕೊಟ್ಟು ಮುಂದೆ ಹೋಗಿ ಎನ್ನುವುದು. ಇದು ನೆನಪೋ, ಕಾಗದ ನೋಡಿ ಆಗಲೇ ಕಟ್ಟಿಕೊಂಡದ್ದೋ ಹೇಳಲಾರೆ. ಯಾರೂ ನನ್ನ ಉತ್ತರ ತಿದ್ದಿರಲಿಲ್ಲ. ನಾಲ್ಕು ವರ್ಷ ನಾನು ಹೆಮ್ಮೆಯಿಂದ ಹೇಳಿಕೊಂಡು ಬಂದ ಸುಳ್ಳನ್ನು ನಾನು ಬರೆದೇ ಇರಲಿಲ್ಲ. ಮೊದಲು ಮುಖ ಬಿಸಿಯಾಯಿತು. ಆಮೇಲೆ, ಅದೇ ಕುರ್ಚಿಯಲ್ಲಿ, ಹೆಗಲು ಹಗುರವಾಯಿತು. ಒಂದು ವ್ಯವಸ್ಥೆಯ ಜೊತೆ ಕಾದಾಡಬೇಕಿಲ್ಲ. ಅರ್ಜಿ ತಿದ್ದಿದರೂ ಪಟ್ಟಿ ಬದಲಾಗುವುದಿಲ್ಲ ಎಂದರು ಕಚೇರಿಯ ಹೆಂಗಸು. ದಾರಿ ಒಂದೇ: ವಸಂತದ ಪರೀಕ್ಷೆಯಲ್ಲಿ ಮೇಲಿನ ಮಟ್ಟ ಮುಟ್ಟಬೇಕು, ಟೀಚರ್ ಒಪ್ಪಬೇಕು, ನಾವು ಸಹಿ ಹಾಕಬೇಕು. ಅಂದರೆ ಮಗಳು ಹತ್ತು ನಿಮಿಷ ಬಾಯಿ ಬಿಟ್ಟು ಮಾತಾಡಬೇಕು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗುವುದನ್ನು ಕಷ್ಟಪಟ್ಟು ತಡೆದಳು.

“ಅಂಕಲ್‌ಗೆ ಫೋನ್ ಮಾಡಿ ನೀವೇ ಹೇಳ್ತೀರಾ, ನಾನು ಹೇಳ್ಬೇಕಾ?”

“ನೀ ಸುಮ್ನಿರು ಮಾರಾಯ್ತಿ.”

ಶನಿವಾರ ಮಗಳನ್ನು ರಾಂಚೊ ಬರ್ನಾರ್ಡೊದ ‘ಕನ್ನಡ ಕಲಿ’ ತರಗತಿಗೆ ಬಿಡುವುದು ನನ್ನ ಪಾಳಿ. ಅಲ್ಲಿಯೂ ಅವಳು ಬಾಯಿ ಬಿಡುತ್ತಿರಲಿಲ್ಲ ಎಂಬುದು ಬೇರೆ ಮಾತು. ಹದಿನೈದನೆಯ ನಂಬರಿನ ಫ್ರೀವೇ ಹತ್ತಿದ ಮೇಲೆ ಹೇಳಿದೆ.

“ಅವ್ವಾ, ಆ ಫಾರ್ಮ್ ತುಂಬಿದವ ನಾನ.”

“ಐ ನೋ.”

“ನಿನಗ ಹೆಂಗ ಗೊತ್ತು?”

ಅವಳು ಇಂಗ್ಲಿಷಿನಲ್ಲಿ ಹೇಳಿದಳು: ನೀನು ಕಾರಿನಲ್ಲಿ ಹಿಂದೆ ತಿರುಗಿ ನನ್ನನ್ನೇ ಕೇಳಿದೆ, ನಿನ್ನ ಮೊದಲಿನ ಮಾತು ಯಾವುದು ಅಂತ. ನಾನು ಕನ್ನಡ ಅಂದೆ. ನೀನು ಖುಷಿಯಾಗಿ ಬರೆದೆ.

ಆಗ ಅವಳಿಗೆ ಆರು ವರ್ಷ. ಆರು ವರ್ಷದ ಮಗುವಿನ ಸಾಕ್ಷ್ಯವನ್ನು ನಾನು ಬೇರೆ ಯಾರಿಂದಲೂ ಒಪ್ಪುತ್ತಿರಲಿಲ್ಲ. ಆದರೆ ಆ ಕಾರಿನಲ್ಲಿ ಇನ್ಯಾರೂ ಇರಲಿಲ್ಲ.

ಹಾಗೆ, ಕನ್ನಡ ತರಗತಿಗೆ ಹೋಗುವ ದಾರಿಯಲ್ಲಿ ನಾವು ಇಂಗ್ಲಿಷ್ ಅಭ್ಯಾಸ ಶುರುಮಾಡಿದೆವು. ಹೊರಡುವ ಮೊದಲು ಅವಳ ಕೈಗೆ ಒಂದು ಚಿತ್ರ ಕೊಡುತ್ತಿದ್ದೆ: ಪಾರ್ಕು, ಮಕ್ಕಳು, ನಾಯಿ. ಏನಾಗ್ತಿದೆ ಹೇಳು ಎಂದರೆ, “ದೇ ಆರ್ ಪ್ಲೇಯಿಂಗ್.” ಮುಗಿಯಿತು. ಉದ್ದವಾಗಿ ಹೇಳುವುದು ಹೇಗೆ ಎಂದು ತೋರಿಸಲು ನಾನೇ ಹೇಳಿದೆ. ಅವಳು ನನ್ನ ಉಚ್ಚಾರ ಕೇಳಿ ನಕ್ಕಳು. ‘ವೆಜಿಟೇಬಲ್’ ಅನ್ನು ನಾನು ನಾಲ್ಕು ತುಂಡು ಮಾಡುತ್ತೇನಂತೆ. ನಾಲ್ಕೈದು ಶನಿವಾರ ಇದರಲ್ಲೇ ಕಳೆದವು. ಇದು ಆಗುವ ಹೋಗುವ ಕೆಲಸವಲ್ಲ ಅನ್ನಿಸಿ ಒಂದು ದಿನ ಚಿತ್ರವನ್ನು ಮನೆಯಲ್ಲೇ ಬಿಟ್ಟೆ. ಮಾತಿಗೆ ಏನೂ ತೋಚದೆ, ಆ ಸಣ್ಣ ಕೋಣೆಯಲ್ಲಿ ನೀವೆಲ್ಲ ಏನು ಮಾಡ್ತೀರಿ ಎಂದು ಕೇಳಿದೆ. ಮೂರು ವರ್ಷದಲ್ಲಿ ಇದನ್ನು ಒಮ್ಮೆಯೂ ಕೇಳಿರಲಿಲ್ಲ.

ಅವಳು ಇಂಗ್ಲಿಷಿನಲ್ಲಿ ಶುರುಮಾಡಿದವಳು ನಾಲ್ಕು ಎಕ್ಸಿಟ್ ದಾಟುವವರೆಗೂ ನಿಲ್ಲಿಸಲಿಲ್ಲ. ಆರು ಜನ ಮಕ್ಕಳು. ಟೀಚರ್ ಒಂದು ಗಿಡ ತಂದಿಟ್ಟಿದ್ದಾರೆ, ಅದಕ್ಕೆ ನೀರು ಹಾಕುವ ಪಾಳಿಗೆ ಜಗಳ. ಒಬ್ಬ ಗೆಳತಿ ಇದ್ದಾಳೆ, ಎರಡು ಭಾಷೆಯಲ್ಲೂ ಕನಸು ಕಾಣುತ್ತಾಳಂತೆ, ಅವಳ ಅಮ್ಮ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಾರೆ, ಅದಕ್ಕೆ ಅವಳು ಚಾಕೊಲೇಟ್ ತಿನ್ನುವುದು ಆ ಕೋಣೆಯಲ್ಲಿ ಮಾತ್ರ. ಅವಳು ಇಡೀ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾಳೆ, ಓದುವ ಭಾಗದಲ್ಲಿ ನಿಲ್ಲುತ್ತಾಳೆ. ತಾನು ನಿಲ್ಲುವುದು ಮಾತಿನಲ್ಲಿ. ಇಬ್ಬರನ್ನೂ ಸೇರಿಸಿ ಒಬ್ಬಳು ಎಂದು ಎಣಿಸಿದರೆ ಪಾಸಾಗುತ್ತೇವೆ ಎಂದು ಟೀಚರಿಗೆ ಹೇಳಿದ್ದಾರಂತೆ. ಆ ಗೆಳತಿಗೂ ಬ್ಯಾಂಡ್ ಬೇಕು. ಕ್ಲಾರಿನೆಟ್.

ನಾನು ಗಾಡಿ ಓಡಿಸುತ್ತಲೇ ಹೋದೆ. ಇಳಿಯಬೇಕಾದ ಎಕ್ಸಿಟ್ ತಪ್ಪಿತು. ಮುಂದಿನದರಲ್ಲಿ ಇಳಿದು ನಿಧಾನವಾಗಿ ಸುತ್ತುಹಾಕಿ ಬಂದೆ.

ಪರೀಕ್ಷೆ ಮಾರ್ಚಿನಲ್ಲಿ ನಡೆಯಿತು. ಆ ದಿನ ಅವಳಿಗೆ ನಾನು ಒಂದೇ ಮಾತು ಹೇಳಿದೆ: ಟೀಚರ್ ಏನು ಕೇಳಿದರೂ ಆ ಕೋಣೆಯ ಸುದ್ದಿ ಹೇಳಿದ ಹಾಗೆ ಹೇಳು. ಮೇ ತಿಂಗಳಲ್ಲಿ ಶಾಲೆಯಿಂದ ಮೀಟಿಂಗಿಗೆ ಕರೆ ಬಂತು. ಟೀಚರ್ ಕಾಗದವನ್ನು ನಮ್ಮ ಕಡೆ ತಿರುಗಿಸಿದರು. ನಾಲ್ಕೂ ಭಾಗಗಳು ಮೇಲಿನ ಮಟ್ಟ. ಕೆಳಗೆ ಪಾಲಕರ ಸಹಿಗೆ ಜಾಗ. ನಾನು ಪೆನ್ನು ತೆಗೆಯುವಷ್ಟರಲ್ಲಿ ಹೆಂಡತಿ ಅದನ್ನು ತನ್ನ ಕಡೆ ಎಳೆದುಕೊಂಡಳು.

“ಇದಕ್ಕೆ ನಾನು ಹಾಕ್ತೇನೆ. ನಾಳೆ ಮತ್ತೆ ಲಾಂಡ್ರಿ ರೂಮು ಬರುದು ಬೇಡ.”

ಟೀಚರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಹೆಂಡತಿ ಒಂದೆರಡು ನಿಮಿಷ ಅತ್ತಳು. ನಾನು ಕಾರು ಶುರುಮಾಡಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದಿನ ಉಸಿರು ಹಿಡಿದಿದ್ದೆವೇ ಎಂದು ಇಬ್ಬರಿಗೂ ಆಶ್ಚರ್ಯ.

ಮಗಳಿಗೆ ಹೇಳಿದಾಗ ಅವಳು ಕುಣಿಯಲಿಲ್ಲ. ಗೆಳತಿಯದೇನಾಯಿತು ಎಂದು ಕೇಳಿದಳು. ನಮಗೆ ಗೊತ್ತಿರಲಿಲ್ಲ. ಮರುದಿನ ಶಾಲೆಯ ಗೇಟಿನಲ್ಲಿ ಗೆಳತಿಯ ಅಮ್ಮ ಸಿಕ್ಕರು, ಅಂದು ಕಚೇರಿಯ ಬೆಂಚಿನಲ್ಲಿ ಕೂತಿದ್ದ ಅದೇ ತಾಯಿ. ಅವರ ಮಗಳು ಓದುವ ಭಾಗದಲ್ಲಿ ಸ್ವಲ್ಪದರಲ್ಲೇ ಹಿಂದೆ ಬಿದ್ದಿದ್ದಳು.

“ಇನ್ನೊಂದು ವರ್ಷ, ಅಷ್ಟೇ,” ಎಂದರು. “ಬ್ಯಾಂಡ್ ಮಾತ್ರ ಬಿಡುವುದಿಲ್ಲ. ಝೀರೋ ಪಿರಿಯಡ್ ಬರೆಸಿದ್ದೇನೆ.”

ಶಾಲೆ ಶುರುವಾಗುವ ಮೊದಲೇ, ಬೆಳಿಗ್ಗೆ ಬೇಗ ನಡೆಯುವ ಒಂದು ತರಗತಿ ಅದು. ಅಲ್ಲಿಯೂ ಬ್ಯಾಂಡ್ ಇದೆ, ಪಟ್ಟಿಯಲ್ಲಿದ್ದವರೂ ಸೇರಬಹುದು. ಕೌನ್ಸಿಲರ್ ಆ ದಿನ ಅದನ್ನು ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ. ಅಸಮಾನತೆಯ ಬಗ್ಗೆ ಅಷ್ಟೆಲ್ಲ ಓದಿದ ನನಗೆ, ಬೇರೆ ಹೊತ್ತಿನಲ್ಲಿ ಇದೆಯೇ ಎಂಬ ಸರಳ ಪ್ರಶ್ನೆ ಹೊಳೆದಿರಲಿಲ್ಲ. ಅಂದರೆ ನಮ್ಮ ಮಗಳಿಗೆ ಟ್ರೊಂಬೋನ್ ತಪ್ಪಿಹೋಗುವ ಭಯವೇ ಅರ್ಧ ನಮ್ಮ ಅಜ್ಞಾನದಿಂದ ಬಂದದ್ದು. ಇದು ತಿಳಿದು ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಮಗಳಿಗೆ ಈಗ ಹಗಲಿನ ಬ್ಯಾಂಡ್ ಪಿರಿಯಡ್ ಸಿಗುತ್ತಿತ್ತು. ಅವಳು ಅದನ್ನು ಬೇಡ ಎಂದಳು. ಗೆಳತಿಯ ಜೊತೆ ಝೀರೋ ಪಿರಿಯಡ್ಡೇ ಬೇಕು, ಹಗಲಿನದರಲ್ಲಿ ರೋಬೋಟ್ ತೆಗೆದುಕೊಳ್ಳುತ್ತೇನೆ ಎಂದಳು. ಅಂದರೆ ಸೂರ್ಯ ಸರಿಯಾಗಿ ಮೇಲೆ ಬರುವ ಮೊದಲು ಇಬ್ಬರನ್ನೂ ಬಿಟ್ಟುಬರುವ ಪಾಳಿ ನಮಗೆ ಮತ್ತು ಅವರ ಮನೆಗೆ, ದಿನ ಬಿಟ್ಟು ದಿನ.

2025ರ ಆಗಸ್ಟಿನಲ್ಲಿ, ಶಾಲೆಯ ಮೊದಲ ದಿನ ನನ್ನದೇ ಪಾಳಿ. ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರು, ಮಧ್ಯೆ ಅವರ ತೊಡೆಗಳ ಮೇಲೆ ಅಡ್ಡಡ್ಡ ಟ್ರೊಂಬೋನಿನ ಪೆಟ್ಟಿಗೆ. ಗೆಳತಿ ಮಾತಾಡುತ್ತಲೇ ಇದ್ದಳು, ಮಗಳು ಮಧ್ಯೆ ಮಧ್ಯೆ ತಿದ್ದುತ್ತಿದ್ದಳು. ಗೇಟಿನಲ್ಲಿ ಇಳಿದು ಇಬ್ಬರೂ ಪೆಟ್ಟಿಗೆಯ ಒಂದೊಂದು ತುದಿ ಹಿಡಿದುಕೊಂಡು ಓಡಿದರು. ನಾನು ಪಾರ್ಕಿಂಗ್ ಲಾಟಿನ ಕೊನೆಗೆ ಹೋಗಿ ನಿಲ್ಲಿಸಿ ಕಿಟಕಿ ಇಳಿಸಿದೆ. ಸ್ವಲ್ಪ ಹೊತ್ತಿಗೆ ಬ್ಯಾಂಡ್ ಕೋಣೆಯಿಂದ ಎಮ್ಮೆ ಕೂಗಿದಂಥ ಒಂದು ಸದ್ದು ಬಂತು. ಆಮೇಲೆ ನಗು. ಆಮೇಲೆ ಮತ್ತೆ ಅದೇ ಸದ್ದು, ಈ ಸಲ ಇನ್ನಷ್ಟು ಉದ್ದ. ಆ ದಿನ ಆಫೀಸಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ.